ಮರಿಯುಳ್ಳ ಹೆಣ್ಣುಕುದುರೆಯ ಹಾಲು ಮತ್ತು ಅದರ ಪೋಷಣೆ

ಹಸು ಎಮ್ಮೆಗಳ ಹಾಲನ್ನು ದಿನದಿನವೂ ಕರೆದು ಅಳೆಯುವ ವಾಡಿಕೆಯು ಎಲ್ಲ ಗ್ರಾಮಗಳಲ್ಲಿಯೂ ಉಂಟು. ಹೆಚ್ಚು ಹಾಲು ಕೊಡುವ ಹಸುವಿಗೆ ಹಿಂಡಿಯನ್ನೂ ಬೂಸವನ್ನೂ ಹೆಚ್ಚಾಗಿ ಇಡಬೇಕೆಂಬುದನ್ನು ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಲಾಯದಲ್ಲಿ ಮರಿಯೊಡನೆ ನಿಂತಿರುವ ಹೆಣ್ಣುಕುದುರೆಯ ಹಾಲನ್ನು ಕರೆಯುವ ರೂಢಿಯು ಈ ನಾಡಿನಲ್ಲಿಲ್ಲ. ಅದರ ಹಾಲೆಲ್ಲವೂ ನೇರವಾಗಿ ಮರಿಯ ಹೊಟ್ಟೆಯನ್ನು ಸೇರುವುದರಿಂದ ಅದರ ಲೆಕ್ಕವು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಚ್ಚಲಾದರೋ ಬಲು ಚಿಕ್ಕದು. ಇದನ್ನು ನೋಡಿದವರು, ಕುದುರೆಗೆ ಹಾಲು ಅಲ್ಪವೆಂದೂ, ಮರಿ ಹಾಕಿದ ಮೇಲೆ ಸವಾರಿಯೂ ಕೆಲಸವೂ ಇಲ್ಲದ್ದರಿಂದ ಅದಕ್ಕೆ ಕಾಳನ್ನು ಕಡಮೆ ಮಾಡಬಹುದೆಂದೂ ಭಾವಿಸುವುದುಂಟು. ಈ ಭಾವನೆಯಿಂದಾಗುವ ನಷ್ಟವು ದೊಡ್ಡದು. ಹನ್ನೊಂದು ತಿಂಗಳು ಕಾದು ಪಡೆದ ಮರಿಯು ಮೊದಲ ಮೂರು ತಿಂಗಳಲ್ಲಿ ಕುಗ್ಗಿಹೋದರೆ, ಮುಂದೆ ಒಮ್ಮೆಗೇ ಕಾಳು ತಿನ್ನಿಸಿ ಆ ಕೊರತೆಯನ್ನು ತುಂಬಹೊರಟಾಗ ಕಾಲಿನ ಮೂಳೆಗಳೂ ಕೀಲುಗಳೂ ಕೆಡುವ ಭಯವುಂಟು.

ಕುದುರೆಯ ಸಾಕಣೆಯು ಕರ್ಣಾಟಕಕ್ಕೆ ಹೊಸದಲ್ಲ. ತುಮಕೂರು ಜಿಲ್ಲೆಯ ಕುಣಿಗಲಿನಲ್ಲಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿಯೇ ಮೈಸೂರಿನ ಅಶ್ವದಳಕ್ಕಾಗಿ ಕುದುರೆಗಳನ್ನು ಬೆಳೆಸುತ್ತಿದ್ದರು. ಭೀಮಾ ನದಿಯ ಆಸುಪಾಸಿನ ಸೀಮೆಯಲ್ಲಿ ಕುರಿಗಾರರು ತಮ್ಮ ಸಂಸಾರದ ಸಾಮಾನುಗಳನ್ನು ಹೇರಿಕೊಂಡು ಮಂದೆಯ ಹಿಂದೆ ನಡೆಸುವ ಭೀಮಥಡಿ ತಳಿಯ ತಟ್ಟುಗಳು ಇಂದಿಗೂ ಇವೆ. ಜಟಕಾ ಬಂಡಿಗಳು ವಿರಳವಾದರೂ ಸವಾರಿಗೂ ಪಂದ್ಯಕ್ಕೂ ಉತ್ಸವಗಳಿಗೂ ಕುದುರೆಗಳನ್ನು ಸಾಕುವ ಜಮೀನುದಾರರು ಉಂಟು. ಇಂಥವರ ಲಾಯದಲ್ಲಿ ಮರಿ ಹಾಕುವ ಕುದುರೆಯು ಒಂದೇ ಇದ್ದರೂ ಅದರ ಹಾಲಿನ ವಿಷಯವನ್ನು ತಿಳಿದಿರುವುದು ಅವಶ್ಯಕ.

ಹಾಲಿನ ಪ್ರಮಾಣ

ಹೆಣ್ಣುಕುದುರೆಗೆ ಮೊಲೆತೊಟ್ಟುಗಳು ಎರಡೇ. ಕೆಚ್ಚಲಿನಲ್ಲಿ ಒಂದು ಸಲಕ್ಕೆ ನಿಲ್ಲುವ ಹಾಲು ಸುಮಾರು ೨ ಲೀಟರು ಮಾತ್ರ. ಹಸುವಿನ ಕೆಚ್ಚಲನ್ನು ನೀರು ಕೂಡಿಟ್ಟ ತೊಟ್ಟಿಗೆ ಹೋಲಿಸಿದರೆ, ಕುದುರೆಯ ಕೆಚ್ಚಲನ್ನು ಹಳ್ಳದ ಒರತೆಗೆ ಹೋಲಿಸಬಹುದು. ತೆಗೆದಂತೆಲ್ಲ ಅದು ಊರುತ್ತಿರುವುದು. ಹುಟ್ಟಿದ ಮೊದಲ ವಾರದಲ್ಲಿ ಮರಿಯು ಹಗಲೂ ರಾತ್ರಿಯೂ ಗಂಟೆಗೆ ಹಲವು ಸಲ ಕುಡಿಯುವುದು. ಒಂದೊಂದು ಸಲವೂ ಒಂದೆರಡು ನಿಮಿಷ ಮಾತ್ರ ಕುಡಿದು ಬಿಟ್ಟುಬಿಡುವುದು. ಹೀಗೆ ಕೊಂಚಕೊಂಚವಾಗಿ ಕುಡಿದ ಹಾಲು ಸಂಜೆಯ ಹೊತ್ತಿಗೆ ಎಷ್ಟಾಯಿತೆಂಬುದು ನೋಡುವವರಿಗೆ ತಿಳಿಯುವುದಿಲ್ಲ.

ಇದನ್ನು ಅಳೆಯುವುದಕ್ಕೆ ಪರಿಶೋಧಕರು ಎರಡು ಕ್ರಮಗಳನ್ನು ಅನುಸರಿಸಿರುವರು. ಮರಿಯನ್ನು ಸ್ವಲ್ಪ ಹೊತ್ತು ತಾಯಿಯಿಂದ ತಡೆದು, ಕುಡಿಯುವುದಕ್ಕೆ ಮುಂಚೆ ಒಮ್ಮೆಯೂ ಕುಡಿದ ಮೇಲೆ ಒಮ್ಮೆಯೂ ತೂಗಿ ನೋಡುವುದು ಹಳೆಯ ಕ್ರಮ. ಮರಿಯ ಶರೀರಕ್ಕೆ ಭಾರಜಲವನ್ನು ಅತ್ಯಲ್ಪವಾಗಿ ಸೇರಿಸಿ, ಅದು ದಿನದಿನಕ್ಕೆ ಎಷ್ಟರ ಮಟ್ಟಿಗೆ ತೆಳುವಾಗುವುದೆಂಬುದನ್ನು ಪರೀಕ್ಷಿಸಿ ಕುಡಿದ ಹಾಲನ್ನು ಲೆಕ್ಕ ಹಾಕುವುದು ಈಚಿನ ಕ್ರಮ. ಇವುಗಳಿಂದ ತಿಳಿದುಬಂದಿರುವುದೇನೆಂದರೆ, ಹೆಣ್ಣುಕುದುರೆಯು ಮರಿ ಹಾಕಿದ ಮೊದಲ ಮೂರು ತಿಂಗಳಲ್ಲಿ ದಿನವೊಂದಕ್ಕೆ ತನ್ನ ತೂಕದ ನೂರರಲ್ಲಿ ಸುಮಾರು ೩ ಪಾಲಿನಷ್ಟು ಹಾಲನ್ನು ಕೊಡುವುದು. ೫೦೦ ಕಿಲೋಗ್ರಾಂ ತೂಗುವ ಕುದುರೆಯಾದರೆ ಇದು ದಿನಕ್ಕೆ ೧೫ ಕಿಲೋಗ್ರಾಂ ಆಯಿತು. ೨೫೦ ಕಿಲೋಗ್ರಾಂ ತೂಗುವ ತಟ್ಟುವಾದರೆ ಏಳೆಂಟು ಕಿಲೋಗ್ರಾಂ. ಚಿಕ್ಕ ಜಾತಿಯ ತಟ್ಟುಗಳಲ್ಲಿ ತೂಕಕ್ಕೆ ಹೋಲಿಸಿದರೆ ಹಾಲು ಇದಕ್ಕಿಂತಲೂ ಹೆಚ್ಚಾಗಿರುವುದುಂಟು. ಹಾಲು ಎರಡನೆಯ ತಿಂಗಳಿನ ಸುಮಾರಿಗೆ ಮೇಲ್ಮಟ್ಟವನ್ನು ಮುಟ್ಟಿ, ಮೂರನೆಯ ತಿಂಗಳಾದ ಮೇಲೆ ಇಳಿಯತೊಡಗಿ, ಐದಾರು ತಿಂಗಳ ಹೊತ್ತಿಗೆ ತೂಕದ ನೂರರಲ್ಲಿ ೨ ಪಾಲಿಗೆ ಬರುವುದು.

ಮೊದಲ ತೊಂಬತ್ತು ದಿನಗಳಲ್ಲಿ ದೊಡ್ಡ ಕುದುರೆಯೊಂದು ತನ್ನ ಮರಿಗೆ ಕೊಡುವ ಹಾಲು ಒಟ್ಟು ೧,೨೦೦ ಕಿಲೋಗ್ರಾಂ ಮೀರುವುದು. ಅಂದರೆ ತನ್ನ ಶರೀರದ ತೂಕದ ಎರಡರಷ್ಟಕ್ಕಿಂತಲೂ ಹೆಚ್ಚು. ಒಳ್ಳೆಯ ಹಸುವಿನಷ್ಟೇ ಹಾಲನ್ನು ಕೊಡುವ ಈ ಪ್ರಾಣಿಯನ್ನು ಕೆಲಸವಿಲ್ಲದ ಪ್ರಾಣಿಯೆಂದು ಎಣಿಸುವುದು ಸರಿಯಲ್ಲ.

ಒರತೆಯ ನೀರನ್ನು ತೆಗೆಯದೆ ಬಿಟ್ಟರೆ ಊಟೆ ನಿಲ್ಲುವಂತೆ, ಕೆಚ್ಚಲು ತುಂಬಿಕೊಂಡು ಬಹಳ ಹೊತ್ತು ನಿಂತರೆ ಹಾಲು ಹುಟ್ಟುವುದು ಕಡಮೆಯಾಗುವುದು. ಆದುದರಿಂದ ಮೊದಲ ತಿಂಗಳುಗಳಲ್ಲಿ ಮರಿಯನ್ನು ಲಾಯದಲ್ಲಿ ಕಟ್ಟಿ ತಾಯಿಯನ್ನು ಗಂಟೆಗಟ್ಟಲೆ ಸವಾರಿಗೋ ಹೊರೆಗೋ ಹೊಡೆದುಕೊಂಡು ಹೋಗತಕ್ಕದ್ದಲ್ಲ.

ಹಾಲಿನಲ್ಲಿರುವ ಸತ್ವಗಳು

ಕುದುರೆಯ ಹಾಲು ನೋಡುವುದಕ್ಕೆ ತೆಳ್ಳಗೆ, ಕೊಂಚ ನೀಲಿಯ ಛಾಯೆಯಿಂದ ಕೂಡಿ, ರುಚಿಗೆ ಸಿಹಿಯಾಗಿರುವುದು. ಇತರ ಹಾಲುಗಳೊಡನೆ ಇದನ್ನು ಹೋಲಿಸಿದರೆ ನೂರು ಭಾಗಗಳಲ್ಲಿ ಸುಮಾರಾಗಿ ಈ ರೀತಿ ಕಂಡುಬರುವುದು.

ಕುದುರೆಯ ಹಾಲು: ಕೊಬ್ಬು ೧.೩, ಪ್ರೋಟೀನು ೨.೨, ಹಾಲಿನ ಸಕ್ಕರೆ ೬.೪, ಖನಿಜಾಂಶ ೦.೪.
ಹಸುವಿನ ಹಾಲು: ಕೊಬ್ಬು ೩.೬, ಪ್ರೋಟೀನು ೩.೨, ಹಾಲಿನ ಸಕ್ಕರೆ ೪.೮, ಖನಿಜಾಂಶ ೦.೭.
ಎಮ್ಮೆಯ ಹಾಲು: ಕೊಬ್ಬು ೭, ಪ್ರೋಟೀನು ೪, ಹಾಲಿನ ಸಕ್ಕರೆ ೫, ಖನಿಜಾಂಶ ೦.೮.

ಹಾಲು ತೆಳುವಾಗಿದೆಯೆಂದು ಅದನ್ನು ನಿಸ್ಸತ್ವವೆಂದು ಎಣಿಸಬಾರದು. ಗಳಿಗೆಗೊಮ್ಮೆ ಕುಡಿಯುತ್ತ ತಾಯಿಯ ಪಕ್ಕದಲ್ಲಿ ಓಡಾಡುವ ಮರಿಗೆ ಬೇಗನೆ ಜೀರ್ಣವಾಗುವ ತೆಳುವಾದ ಹಾಲೇ ತಕ್ಕದ್ದು. ದಿನಕ್ಕೆ ೧೫ ಕಿಲೋಗ್ರಾಂ ಹಾಲಿನ ಲೆಕ್ಕದಲ್ಲಿ ಮರಿಗೆ ದೊರೆಯುವ ಸತ್ವವನ್ನು ಕೂಡಿಸಿದರೆ, ಹಾಲಿನ ಸಕ್ಕರೆಯು ಹತ್ತಿರಹತ್ತಿರ ಒಂದು ಕಿಲೋಗ್ರಾಂ, ಪ್ರೋಟೀನು ೩೩೦ ಗ್ರಾಂ, ಕೊಬ್ಬು ಸುಮಾರು ೨೦೦ ಗ್ರಾಂ ಆಗುವುದು. ಮೂಳೆಗೆ ಬೇಕಾದ ಸುಣ್ಣದ ಅಂಶವು ಮೊದಲ ತಿಂಗಳಿನಲ್ಲಿ ಕಿಲೋಗ್ರಾಮಿಗೆ ಸುಮಾರು ೧.೨ ಗ್ರಾಮಿನಂತೆ ದಿನಕ್ಕೆ ೧೮ ಗ್ರಾಂ ಹೋಗುವುದು. ಇದೆಲ್ಲವೂ ತಾಯಿಯ ಶರೀರದಿಂದಲೇ ಬರತಕ್ಕದ್ದು.

ಈ ಸತ್ವಗಳು ಆದ್ಯಂತವೂ ಒಂದೇ ಸಮನಾಗಿರುವುದಿಲ್ಲ. ವಾರಗಳು ಕಳೆದಂತೆ ಪ್ರೋಟೀನೂ ಕೊಬ್ಬೂ ಕ್ರಮಕ್ರಮವಾಗಿ ತಗ್ಗುವುವು. ಸುಣ್ಣದ ಅಂಶವು ಎರಡನೆಯ ತಿಂಗಳಲ್ಲಿ ಕಿಲೋಗ್ರಾಮಿಗೆ ಸುಮಾರು ೧ ಗ್ರಾಮಿಗೂ, ಅನಂತರ ೦.೮ ಗ್ರಾಮಿಗೂ ಇಳಿಯುವುದು. ರಂಜಕದ ಅಂಶವು ೦.೭ ಗ್ರಾಮಿನಿಂದ ೦.೫ ಗ್ರಾಮಿಗೆ ಬರುವುದು. ಆದರೆ ಸಕ್ಕರೆಯು ಇಳಿಯುವುದಿಲ್ಲ. ಮರಿಯು ದೊಡ್ಡದಾಗುತ್ತ ಬಂದಂತೆ ಅದರ ಅವಶ್ಯಕತೆಯು ಏರುವುದು, ಹಾಲಿನ ಸತ್ವವು ಇಳಿಯುವುದು. ಈ ಎರಡರ ನಡುವಣ ಅಂತರವನ್ನು ಮೇವಿನಿಂದ ತುಂಬಬೇಕಾದ ಕಾಲವು ಮೂರನೆಯ ತಿಂಗಳಿಗೇ ಬರುವುದೆಂಬುದನ್ನು ನೆನಪಿನಲ್ಲಿಡಬೇಕು.

ಹಸುವಿನ ಹಾಲಿನ ಪ್ರೋಟೀನಿನಲ್ಲಿ ಐದರಲ್ಲಿ ನಾಲ್ಕು ಪಾಲು ಕೇಸೀನ್ ಎಂಬ ಹೆಪ್ಪುಗಟ್ಟುವ ಪದಾರ್ಥವಾದರೆ, ಕುದುರೆಯ ಹಾಲಿನಲ್ಲಿ ಅದು ಸುಮಾರು ಅರ್ಧಪಾಲು ಮಾತ್ರ. ಆದಕಾರಣ ಇದಕ್ಕೆ ಹೆಪ್ಪು ಹಾಕಿದರೆ ಗಟ್ಟಿಯಾದ ಮೊಸರಾಗುವುದಿಲ್ಲ. ಮಂಗೋಲಿಯ, ಕಜಕಿಸ್ಥಾನ, ಕಿರ್ಗಿಜ್ ಸೀಮೆಗಳ ಜನರು ಇದನ್ನು ಹುಳಿಯಿಸಿ ಕುಮಿಸ್ ಎಂಬ ಪಾನೀಯವನ್ನು ಮಾಡಿ ಕುಡಿಯುವರು. ಅಲ್ಲಿ ಮರಿಯನ್ನು ಹತ್ತಿರದಲ್ಲಿಯೇ ಕಟ್ಟಿ ತಾಯಿಯನ್ನು ಹಗಲಿನಲ್ಲಿ ಎರಡು ಗಂಟೆಗೊಮ್ಮೆಯೋ ಏನೋ ಕರೆದು, ರಾತ್ರಿಯ ಹಾಲನ್ನು ಮರಿಗೇ ಬಿಡುವ ಪದ್ಧತಿಯುಂಟು. ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಕರೆಯುವ ಹಸುವಿನ ಪದ್ಧತಿಯು ಈ ಕೆಚ್ಚಲಿಗೆ ಒಗ್ಗದೆಂಬುದನ್ನು ಆ ಜನರು ಬಹುಕಾಲದಿಂದ ಬಲ್ಲರು.

ಗಿಣ್ಣುಹಾಲು

ಮನುಷ್ಯರ ಕೂಸು ರೋಗಗಳನ್ನು ತಡೆಯುವ ಶಕ್ತಿಯನ್ನು ಬಹುಮಟ್ಟಿಗೆ ತಾಯಿಯ ಗರ್ಭದಲ್ಲಿಯೇ ಪಡೆಯುವುದು. ಕುದುರೆಯ ಮರಿಗೆ ಆ ಭಾಗ್ಯವಿಲ್ಲ. ತಾಯಿಯ ರಕ್ತದಲ್ಲಿರುವ ರೋಗನಿರೋಧಕ ಪದಾರ್ಥಗಳು ಮಾಸನ್ನು ದಾಟಿ ಮರಿಯನ್ನು ಸೇರಲಾರವು. ಅವೆಲ್ಲವೂ ಗಿಣ್ಣುಹಾಲಿನಲ್ಲಿ ಕೂಡಿರುವುವು. ಆ ಪದಾರ್ಥಗಳನ್ನು ಹಾಗೆಯೇ ರಕ್ತಕ್ಕೆ ಎಳೆದುಕೊಳ್ಳುವ ಶಕ್ತಿಯು ಮರಿಯ ಕರುಳಿಗೆ ಹುಟ್ಟಿದ ಗಳಿಗೆಯಲ್ಲಿ ಹೆಚ್ಚಾಗಿದ್ದು, ಹನ್ನೆರಡು ಗಂಟೆಗಳಲ್ಲಿ ಬಹಳ ಕುಂದಿ, ಒಂದು ದಿನ ಕಳೆಯುವಷ್ಟರಲ್ಲಿ ಮುಗಿದುಹೋಗುವುದು. ಗಿಣ್ಣುಹಾಲಿನ ಬಲವೂ ಅದೇ ವೇಗದಲ್ಲಿ ಇಳಿಯುವುದು. ಮರಿ ಹಾಕಿದ ಕೂಡಲೆ ನೂರರಲ್ಲಿ ಸುಮಾರು ೧೫ ಪಾಲು ಅಥವಾ ಅದಕ್ಕೂ ಹೆಚ್ಚಾಗಿರುವ ಪ್ರೋಟೀನು, ಒಂದು ದಿನದಲ್ಲಿ ೫ ಪಾಲಿಗೂ ಕೆಳಗೆ ಬರುವುದು. ಮೊದಲ ದಿನ ತಪ್ಪಿದ್ದನ್ನು ಮರುದಿನ ಎಷ್ಟು ಹಾಲು ಕುಡಿಸಿದರೂ ಪಡೆಯಲಾಗದು.

ಆದುದರಿಂದ ಮರಿ ಹುಟ್ಟಿದಾಗ ಗಡಿಯಾರವನ್ನು ನೋಡಿಕೊಳ್ಳತಕ್ಕದ್ದು. ಒಂದು ಗಂಟೆಯೊಳಗೆ ಮರಿಯು ಎದ್ದು ನಿಲ್ಲಬೇಕು. ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು. ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಈ ಮೂರರಲ್ಲಿ ಯಾವುದೊಂದು ತಪ್ಪಿದರೂ ಬೆಳಗಾಗಲೆಂದು ಕಾಯದೆ ಪಶುವೈದ್ಯರಿಗೆ ಹೇಳಿಕಳುಹಿಸಬೇಕು. ಮೊದಲ ಆರು ಗಂಟೆಗಳಲ್ಲಿ ಮರಿಯ ಹೊಟ್ಟೆಗೆ ಒಂದರಿಂದ ಎರಡು ಲೀಟರು ಒಳ್ಳೆಯ ಗಿಣ್ಣುಹಾಲು ಹೋಗುವುದು ಕ್ಷೇಮ. ನಿಲ್ಲಲಾರದ ಮರಿಗೆ ತಾಯಿಯಿಂದ ಕರೆದು ಸೀಸೆಯಲ್ಲಿ ಕುಡಿಸಬಹುದು. ಹೀರುವ ಶಕ್ತಿಯೂ ಇಲ್ಲದಿದ್ದರೆ ಬಾಯಿಗೆ ಸುರಿಯಬಾರದು. ಹಾಲು ಶ್ವಾಸಕೋಶಕ್ಕೆ ಇಳಿದು ಮರಿ ಸಾಯುವುದು. ಅಂಥ ಮರಿಗೆ ಪಶುವೈದ್ಯರು ಮೂಗಿನ ನಳಿಕೆಯಿಂದ ಹಾಲನ್ನು ಹೊಟ್ಟೆಗೆ ಇಳಿಸುವರು.

ಒಳ್ಳೆಯ ಗಿಣ್ಣುಹಾಲು ದಪ್ಪನಾಗಿ, ಬೆರಳಿಗೆ ಅಂಟುವಂತೆ, ಹಳದಿಯಾಗಿರುವುದು. ಕಬ್ಬಿನ ರಸದ ಸಿಹಿಯನ್ನು ಅಳೆಯುವುದಕ್ಕೆ ಉಪಯೋಗಿಸುವ ಬ್ರಿಕ್ಸ್ ಮಾಪಕವಿದ್ದರೆ ಅದರ ಗಾಜಿನ ಮೇಲೆ ಒಂದು ತೊಟ್ಟು ಗಿಣ್ಣುಹಾಲನ್ನು ಹಾಕಿ ನೋಡಬಹುದು. ಅಂಕವು ೨೩ ಅಥವಾ ಅದಕ್ಕೆ ಮೇಲಾಗಿದ್ದರೆ ಹಾಲು ಬಲವಾದದ್ದೆಂದು ತಿಳಿಯತಕ್ಕದ್ದು. ಮರಿಯ ರಕ್ತದಲ್ಲಿ ನಿರೋಧಕ ಪದಾರ್ಥವು ಲೀಟರಿಗೆ ೮ ಗ್ರಾಂ ಇರುವುದೋ ಇಲ್ಲವೋ ಎಂಬುದನ್ನು ಸುಮಾರು ಹದಿನೆಂಟರಿಂದ ಇಪ್ಪತ್ತನಾಲ್ಕು ಗಂಟೆಗಳಾದಾಗ ಪಶುವೈದ್ಯರು ಪರೀಕ್ಷಿಸಬಲ್ಲರು. ತೀರ ಕಡಮೆಯಿದ್ದರೆ ರಕ್ತದ ತಿಳಿಯನ್ನು ನರಕ್ಕೆ ಕೊಟ್ಟು ಮರಿಯನ್ನು ಉಳಿಸುವರು.

ಕೆಲವು ಕುದುರೆಗಳಲ್ಲಿ ಮರಿ ಹಾಕುವ ಮುಂಚೆಯೇ ಹಾಲು ತೊಟ್ಟಿಕ್ಕತೊಡಗುವುದು. ತೊಟ್ಟುಗಳ ತುದಿಯಲ್ಲಿ ಮೇಣದಂಥ ಹನಿಗಳು ಕಟ್ಟುವುದು ಒಂದರಿಂದ ನಾಲ್ಕು ದಿನಗಳಲ್ಲಿ ಮರಿ ಬರುವುದೆಂಬುದಕ್ಕೆ ಗುರುತು, ಅದರಿಂದ ಕೇಡಿಲ್ಲ. ಆದರೆ ಹಾಲು ಧಾರೆಯಾಗಿ ಸುರಿದುಹೋದರೆ ಗಿಣ್ಣು ನೆಲದ ಪಾಲಾಯಿತೆಂದೇ ತಿಳಿದು, ಅದನ್ನು ಶುದ್ಧವಾದ ಪಾತ್ರೆಯಲ್ಲಿ ಹಿಡಿದು ಶೀತಲಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಿ ಇಡತಕ್ಕದ್ದು.

ತಾಯಿಗೆ ಮರಿ ಹಾಕುವುದಕ್ಕೆ ನಾಲ್ಕರಿಂದ ಆರು ವಾರ ಮೊದಲು ಧನುರ್ವಾಯು ಮೊದಲಾದ ರೋಗಗಳ ಚುಚ್ಚುಮದ್ದನ್ನು ಹಾಕಿಸಿದರೆ ಅದರ ಫಲವು ಗಿಣ್ಣುಹಾಲಿನ ಮೂಲಕ ಮರಿಗೆ ಬರುವುದು. ಮರಿ ಹಾಕುವ ಸ್ಥಳಕ್ಕೂ ಅಷ್ಟು ದಿನ ಮೊದಲೇ ಕುದುರೆಯನ್ನು ತಂದು ಕಟ್ಟುವುದು ಒಳ್ಳೆಯದು. ಆ ಸ್ಥಳದ ರೋಗಬೀಜಗಳಿಗೆ ತಕ್ಕ ನಿರೋಧವು ತಾಯಿಯ ರಕ್ತದಲ್ಲಿ ಹುಟ್ಟಿ ಗಿಣ್ಣಿಗೆ ಇಳಿಯುವುದಕ್ಕೆ ಇದರಿಂದ ಅವಕಾಶವಾಗುವುದು.

ಗಿಣ್ಣುಹಾಲೇ ವಿಷವಾಗುವ ಸಂದರ್ಭವು ಒಂದುಂಟು. ತಾಯಿಯ ಮತ್ತು ಮರಿಯ ರಕ್ತದ ಗುಂಪುಗಳು ಹೊಂದದಿದ್ದರೆ ಗಿಣ್ಣುಹಾಲು ಮರಿಯ ಕೆಂಪು ರಕ್ತಕಣಗಳನ್ನು ಒಡೆದು ಕಾಮಾಲೆಯನ್ನು ತರುವುದು. ಕತ್ತೆಯಿಂದ ಗಬ್ಬವಾಗಿ ಹೇಸರಗತ್ತೆಯ ಮರಿಯನ್ನು ಹಾಕುವ ಕುದುರೆಗಳಲ್ಲಿ ಇದರ ಭಯವು ಹೆಚ್ಚು. ಹಿಂದಿನ ಮರಿಗೆ ಹೀಗಾಗಿದ್ದ ಕುದುರೆಯ ವಿಷಯವನ್ನು ಮುಂಚಿತವಾಗಿಯೇ ಪಶುವೈದ್ಯರಿಗೆ ತಿಳಿಸಿ, ಬೇರೆ ಕುದುರೆಯ ಗಿಣ್ಣನ್ನು ಸಿದ್ಧವಾಗಿಟ್ಟುಕೊಳ್ಳಬೇಕು.

ತಾಯಿಕುದುರೆಯ ಮೇವು

೫೦೦ ಕಿಲೋಗ್ರಾಂ ತೂಗುವ ಕುದುರೆಯು ಸುಮ್ಮನೆ ನಿಂತಿರುವಾಗ ದಿನಕ್ಕೆ ಸುಮಾರು ೬೩೦ ಗ್ರಾಂ ಪ್ರೋಟೀನು, ೨೦ ಗ್ರಾಂ ಸುಣ್ಣದ ಅಂಶ, ೧೪ ಗ್ರಾಂ ರಂಜಕದ ಅಂಶ ಸಾಕು. ಮರಿ ಹಾಕಿದ ಮೊದಲ ತಿಂಗಳಲ್ಲಿ ಅದೇ ಕುದುರೆಗೆ ಪ್ರೋಟೀನು ೧,೫೦೦ ಗ್ರಾಂ ಮೀರಿ ಬೇಕು. ಸುಣ್ಣದ ಅಂಶವು ೫೯ ಗ್ರಾಂ, ರಂಜಕದ ಅಂಶವು ೩೮ ಗ್ರಾಂ ಆಗಬೇಕು. ಶರೀರಕ್ಕೆ ಶಾಖವನ್ನೂ ಶಕ್ತಿಯನ್ನೂ ಕೊಡುವ ಆಹಾರವು ಹತ್ತಿರಹತ್ತಿರ ಇಮ್ಮಡಿಯಾಗಬೇಕು.

ಇಷ್ಟನ್ನು ಕೊಡದಿದ್ದರೆ ಹಾಲು ಕೂಡಲೆ ನಿಂತುಹೋಗುವುದಿಲ್ಲ, ಮೋಸವಾಗುವುದು ಇಲ್ಲಿಯೇ. ತಾಯಿಯು ತನ್ನ ಮೈಯ ಕೊಬ್ಬನ್ನು ಕರಗಿಸಿ, ತನ್ನ ಮೂಳೆಯ ಸುಣ್ಣವನ್ನು ತೆಗೆದು ಕೆಲವು ಕಾಲ ಹಾಲನ್ನು ಕೊಡುತ್ತಲೇ ಇರುವುದು. ಮೊದಲು ಅದರ ಪಕ್ಕೆಲುಬುಗಳು ಕಾಣುವುವು. ಬಳಿಕ ಹಾಲು ತಗ್ಗುವುದು. ಬಡಕಲಾದ ಕುದುರೆಯು ಮತ್ತೆ ಗಬ್ಬ ಕಟ್ಟುವುದೂ ಕಷ್ಟವಾಗುವುದು. ಹೀಗೆ ಒಂದು ವರ್ಷ ಕಾಳಿನಲ್ಲಿ ಮಾಡಿದ ಉಳಿತಾಯಕ್ಕೆ ಈ ವರ್ಷದ ಮರಿಯೂ ಮುಂದಿನ ವರ್ಷದ ಮರಿಯೂ ದಂಡ ತೆರುವುವು.

ಇಂಥ ಕುದುರೆಗೆ ದಿನವೊಂದಕ್ಕೆ ಈ ಕೆಳಗಿನಂತೆ ಮೇವನ್ನು ಏರ್ಪಡಿಸಬಹುದು. ಒಣಗಿದ ಒಳ್ಳೆಯ ಹುಲ್ಲು ೭ ಕಿಲೋಗ್ರಾಂ. ಲೂಸರ್ನ್ ಎಂದು ಹೆಸರಾದ ಕುದುರೆಮೆಂತ್ಯದ ಹಸಿ ಸೊಪ್ಪು ೧೨ ಕಿಲೋಗ್ರಾಂ. ಓಟ್ಸ್ ಅಥವಾ ಜವೆಗೋಧಿ ೩ ಕಿಲೋಗ್ರಾಂ. ನೆನೆಯಿಸಿ ಬೇಯಿಸಿದ ಹುರುಳಿ, ಒಣಕಾಳಿನ ತೂಕದಲ್ಲಿ, ೧ ಕಿಲೋಗ್ರಾಂ. ಗೋಧಿಬೂಸ ಅರ್ಧ ಕಿಲೋಗ್ರಾಂ. ಸೋಯಾ ಹಿಂಡಿ ಅರ್ಧ ಕಿಲೋಗ್ರಾಂ. ಸುಣ್ಣಕಲ್ಲಿನ ಪುಡಿ ೩೦ ಗ್ರಾಂ. ಉಪ್ಪು ೩೦ರಿಂದ ೫೦ ಗ್ರಾಂ. ಸುಣ್ಣಕಲ್ಲಿನ ಪುಡಿಯೆಂದರೆ ಮೇವಿಗೆಂದೇ ಮಾರುವ ಪುಡಿಯೇ ಹೊರತು ಗೋಡೆಗೆ ಬಳಿಯುವ ಸುಟ್ಟ ಸುಣ್ಣವಲ್ಲ. ಚಿಕ್ಕ ತಟ್ಟುಗಳಿಗೆ ತೂಕದ ಪ್ರಮಾಣದಲ್ಲಿ ಇದನ್ನು ಇಳಿಸಿಕೊಳ್ಳತಕ್ಕದ್ದು. ಹಸಿರು ಮೇವಿನಿಂದ ದೊರೆಯುವ ಜೀವಸತ್ವಗಳು ಹಾಲಿನ ಮೂಲಕ ಮರಿಗೂ ತಲಪುವುವು.

ಕುದುರೆಯು ಮೆಲುಕು ಹಾಕುವ ಪ್ರಾಣಿಯಲ್ಲ. ಅದರ ಹೊಟ್ಟೆಯ ಚೀಲವು ಶರೀರಕ್ಕೆ ಹೋಲಿಸಿದರೆ ಬಹು ಚಿಕ್ಕದು. ಆದಕಾರಣ ಕಾಳನ್ನು ಮೂರು ಹೊತ್ತಿಗೆ ಹಂಚಿ, ಒಂದು ಹೊತ್ತಿಗೆ ೨ ಕಿಲೋಗ್ರಾಂ ಮೀರದಂತೆ ಇಡಬೇಕು. ಒಮ್ಮೆಗೇ ಹೆಚ್ಚಾಗಿ ಇಟ್ಟರೆ ಹೊಟ್ಟೆಶೂಲೆಯೂ ಗೊರಸಿನ ಒಳಗಣ ಉರಿಯೂತವೂ ಬರುವುವು. ಮರಿ ಹಾಕಿದ ದಿನವೇ ಪೂರ್ಣ ಪ್ರಮಾಣಕ್ಕೆ ಏರಿಸದೆ, ಹತ್ತು ಹದಿನಾಲ್ಕು ದಿನಗಳಲ್ಲಿ ಕ್ರಮವಾಗಿ ಏರಿಸತಕ್ಕದ್ದು.

ನೀರಿನ ವಿಷಯವನ್ನು ಮರೆಯಬಾರದು. ಹಾಲಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ ಆದ್ದರಿಂದ ಹಾಲಿಗೆಂದೇ ದಿನಕ್ಕೆ ೧೩ ಲೀಟರಿಗೂ ಮೇಲ್ಪಟ್ಟು ನೀರು ಹೋಗುವುದು. ಹಾಲುಣಿಸುವ ದೊಡ್ಡ ಕುದುರೆಗೆ ದಿನಕ್ಕೆ ೫೦ರಿಂದ ೬೦ ಲೀಟರು, ಬೇಸಗೆಯಲ್ಲಿ ಇನ್ನೂ ಹೆಚ್ಚು, ಶುದ್ಧವಾದ ನೀರು ಸದಾ ಮುಂದೆ ಇರಬೇಕು.

ಮರಿಯ ಎಲುಬಿಗೆ ಅವಶ್ಯಕವಾದ ತಾಮ್ರದ ಅಂಶವು ಹಾಲಿನಲ್ಲಿ ಬಹು ಕಡಮೆ; ತಾಯಿಗೆ ಹೆಚ್ಚಾಗಿ ತಿನ್ನಿಸಿದರೂ ಅದು ಹಾಲಿನಲ್ಲಿ ಹೆಚ್ಚುವುದಿಲ್ಲ. ಗರ್ಭದಲ್ಲಿರುವಾಗ ಮರಿಯು ತನ್ನ ಯಕೃತ್ತಿನಲ್ಲಿ ಕೂಡಿಟ್ಟುಕೊಂಡುದೇ ಅದಕ್ಕೆ ಮೊದಲ ತಿಂಗಳುಗಳ ಬುತ್ತಿ. ಆದುದರಿಂದ ಕುದುರೆಗೆಂದು ಮಾಡಿದ ಖನಿಜಮಿಶ್ರಣವನ್ನು ಗಬ್ಬದ ಕೊನೆಯ ಮೂರು ತಿಂಗಳಿನಿಂದಲೇ ಕೊಡತಕ್ಕದ್ದು.

ವರ್ಜಿಸಬೇಕಾದ ಮೇವುಗಳು

ಬೂಸವು ಅಗ್ಗವೆಂದು ಅದನ್ನೇ ಬುಟ್ಟಿಗಟ್ಟಲೆ ಇಡುವುದು ಸರಿಯಲ್ಲ. ಬೂಸ ತೌಡುಗಳಲ್ಲಿ ರಂಜಕವು ಬಹಳ, ಸುಣ್ಣವು ಅತ್ಯಲ್ಪ. ಮೇವಿನಲ್ಲಿ ರಂಜಕಕ್ಕಿಂತ ಸುಣ್ಣವು ಹೆಚ್ಚಾಗಿಯೇ ಇರಬೇಕು. ಇದು ತಲೆಕೆಳಗಾದರೆ ತಾಯಿಯ ಮೂಳೆಗಳು ಸಡಿಲಿ, ಮುಖದ ಮೂಳೆಗಳು ಉಬ್ಬಿ, ಕುಂಟು ಬರುವುದು. ನೇಪಿಯರ್ ಮೊದಲಾದ ಕೆಲವು ಹುಲ್ಲುಗಳಲ್ಲಿಯೂ ನೆಲ್ಲುಹುಲ್ಲಿನಲ್ಲಿಯೂ ಇರುವ ಆಕ್ಸಾಲೇಟ್ ಎಂಬ ಲವಣವು ಸುಣ್ಣವನ್ನು ಹಿಡಿದುಕೊಂಡು ಕುದುರೆಗೆ ಸಿಕ್ಕದಂತೆ ಮಾಡುವುದು. ಇವುಗಳನ್ನೇ ಮುಖ್ಯ ಮೇವಾಗಿ ಕೊಡದೆ ಕುದುರೆಮೆಂತ್ಯವನ್ನೂ ಗರಿಕೆಯನ್ನೂ ಬೆರಸಿ ಕೊಡಬೇಕು.

ಬೂಸಲು ಹಿಡಿದ ಹಿಂಡಿಯನ್ನೂ ಹುಲ್ಲನ್ನೂ, ಎಳೆಯ ಜೋಳದ ಹಸಿ ಪೈರನ್ನೂ ಗೋದಲಿಗೆ ತರಕೂಡದು. ಎರ್ಗಾಟ್ ರೋಗವು ತಗುಲಿದ ಧಾನ್ಯವನ್ನು ತಿಂದ ಕುದುರೆಗೆ ಹಾಲೇ ಇಳಿಯದಿರಬಹುದು. ಕೋಳಿಗಳಿಗೂ ದನಗಳಿಗೂ ತಯಾರಿಸಿದ ಕೆಲವು ಸಿದ್ಧಮೇವುಗಳಲ್ಲಿ ಮೊನೆನ್ಸಿನ್ ಎಂಬ ಔಷಧವನ್ನು ಬೆರಸಿರುವರು. ಅದು ಆ ಪ್ರಾಣಿಗಳಿಗೆ ಹಿತವಾದರೂ ಕುದುರೆಯ ಹೃದಯಕ್ಕೆ ಮಾರಕ. ಸ್ವಲ್ಪವೇ ತಿಂದರೂ ಪ್ರಾಣಾಪಾಯವುಂಟು. ಆದಕಾರಣ ಅಂಥ ಮೇವಿನ ಚೀಲವನ್ನು ಲಾಯದ ಹತ್ತಿರವೂ ಇಡತಕ್ಕದ್ದಲ್ಲ.

ಹಾಲು ಸಾಲುವುದೋ ಇಲ್ಲವೋ ಎಂಬುದರ ಗುರುತುಗಳು

ಹುಟ್ಟಿದ ಮರಿಯು ತಾಯಿಯ ತೂಕದ ಸುಮಾರು ಹತ್ತನೆಯ ಒಂದು ಪಾಲು ತೂಗುವುದು. ದೊಡ್ಡ ಜಾತಿಯ ಮರಿಯು ಮೊದಲ ತಿಂಗಳಲ್ಲಿ ದಿನಕ್ಕೆ ಒಂದು ಕಿಲೋಗ್ರಾಮಿಗೂ ಮೇಲಾಗಿ ಏರುತ್ತ, ಸುಮಾರು ಒಂದೂವರೆ ತಿಂಗಳೊಳಗೆ ಇಮ್ಮಡಿ ತೂಕವಾಗುವುದು. ವಾರಕ್ಕೊಮ್ಮೆ ತೂಗಿಯೋ, ಎದೆಯ ಸುತ್ತಳತೆಯನ್ನು ದಾರದಿಂದ ಅಳೆದೋ ಬರೆದಿಡುವುದು ಒಳ್ಳೆಯ ಪದ್ಧತಿ.

ಹೊಟ್ಟೆ ತುಂಬಿದ ಮರಿಯು ಕುಡಿದ ಬಳಿಕ ಆಡುವುದು ಅಥವಾ ಮಲಗಿ ನಿದ್ರಿಸುವುದು. ಹಾಲು ಸಾಲದ ಮರಿಯು ಕೆಚ್ಚಲನ್ನು ಬಿಡದೆ ಗುದ್ದುತ್ತ ಮತ್ತೆಮತ್ತೆ ಹೀರುತ್ತಿರುವುದು. ಅದರ ಕೂದಲು ಒರಟಾಗುವುದು. ಇದಕ್ಕೆ ವಿರುದ್ಧವಾಗಿ ತಾಯಿಯ ಕೆಚ್ಚಲು ಬಿಗಿದು ಹಾಲು ಸುರಿಯುತ್ತಿದ್ದು, ಮರಿಯ ಹಣೆಯ ಮೇಲೆ ಹಾಲು ಒಣಗಿ ಅಂಟಿಕೊಂಡಿದ್ದರೆ, ಅದು ಕೆಚ್ಚಲಿನ ಕೆಳಗೆ ನಿಂತು ಕುಡಿಯದೆ ಇದೆಯೆಂದು ತಿಳಿಯಬೇಕು. ತಾಯಿಗೆ ಹಾಲು ಸಮೃದ್ಧವೆಂದು ಅಲ್ಲಿ ಸಂತೋಷಪಡತಕ್ಕದ್ದಲ್ಲ. ಎಳೆಯ ಮರಿಯ ಕಾಯಿಲೆಯ ಮೊದಲ ಗುರುತು ಅದೇ. ಎಳೆಮರಿಯ ಕಾಯಿಲೆಯು ಗಂಟೆಗಳಲ್ಲಿ ಬೆಳೆಯುವುದು.

ಮರಿಗೆ ಆರರಿಂದ ಹದಿನಾಲ್ಕು ದಿನಗಳಾದಾಗ ಸಾಧಾರಣವಾಗಿ ಸ್ವಲ್ಪ ಭೇದಿಯಾಗುವುದುಂಟು. ಅದೇ ಸಮಯದಲ್ಲಿ ತಾಯಿಯು ಬೆದೆಗೆ ಬರುವುದರಿಂದ, ಬೆದೆಯಿಂದ ಹಾಲು ಕೆಟ್ಟಿತೆಂದು ಎಣಿಸಿ ಮರಿಗೆ ಹಾಲು ತಪ್ಪಿಸುವ ವಾಡಿಕೆಯು ಕೆಲವೆಡೆ ಇದೆ. ಇದು ತಪ್ಪು. ತಾಯಿಯ ಹಾಲನ್ನೇ ಕಾಣದ ತಬ್ಬಲಿ ಮರಿಗಳಿಗೂ ಆ ವಯಸ್ಸಿನಲ್ಲಿ ಭೇದಿಯಾಗುವುದು ಕಂಡುಬಂದಿದೆ. ಕರುಳಿನ ಸೂಕ್ಷ್ಮಜೀವಿಗಳು ಬದಲಾಗುವುದರಿಂದ ಅದು ಬರುವುದು. ಮರಿಯು ಚುರುಕಾಗಿ ಕುಡಿಯುತ್ತಿದ್ದರೆ ಹಿಂಗಾಲುಗಳನ್ನು ತೊಳೆದು ಶುದ್ಧವಾಗಿಟ್ಟರೆ ಸಾಕು. ಜ್ವರ ಬಂದು, ಮಂಕಾಗಿ, ಕುಡಿಯುವುದನ್ನು ಬಿಟ್ಟರೆ ಮಾತ್ರ ಚಿಕಿತ್ಸೆಯು ಅವಶ್ಯಕ.

ತಬ್ಬಲಿ ಮರಿ

ತಾಯಿಯು ಸತ್ತರೆ, ಅಥವಾ ಹಾಲಿಲ್ಲದಿದ್ದರೆ, ಮರಿ ಕಳೆದುಕೊಂಡ ಬೇರೊಂದು ಕುದುರೆಗೆ ಅದನ್ನು ಕೂಡಿಸುವುದೇ ಉತ್ತಮ. ಅದಾಗದಿದ್ದರೆ ಕುದುರೆಮರಿಗೆಂದು ತಯಾರಿಸಿದ ಹಾಲಿನ ಪುಡಿಯನ್ನು ಉಪಯೋಗಿಸಬಹುದು. ಅದೂ ದೊರೆಯದಾಗ ಹಸುವಿನ ಹಾಲನ್ನು ತಿದ್ದಿಕೊಂಡು ಕೊಡಬೇಕು. ಮೇಲಿನ ಪಟ್ಟಿಯನ್ನು ನೋಡಿದರೆ ಕಾರಣವು ತಿಳಿಯುವುದು. ಹಸುವಿನ ಹಾಲಿನಲ್ಲಿ ಕೊಬ್ಬು ಹೆಚ್ಚು, ಸಕ್ಕರೆ ಕಡಮೆ. ಎಮ್ಮೆಯ ಹಾಲು ಇನ್ನೂ ದೂರ. ಕೆನೆಯನ್ನು ತೆಗೆದು ಕೊಬ್ಬನ್ನು ನೂರಕ್ಕೆ ೨ರಷ್ಟಕ್ಕೆ ಇಳಿಸಿದ ಹಸುವಿನ ಹಾಲಿಗೆ ಲೀಟರಿಗೆ ೨೦ ಗ್ರಾಂ ಗ್ಲೂಕೋಸ್ ಪುಡಿಯನ್ನು ಬೆರಸಿ, ಉಗುರುಬೆಚ್ಚಗೆ ಮಾಡಿ ಕುಡಿಸತಕ್ಕದ್ದು. ಅಡಿಗೆಯ ಸಕ್ಕರೆಯನ್ನಾಗಲಿ ಬೆಲ್ಲವನ್ನಾಗಲಿ ಹಾಕಬಾರದು. ಅವನ್ನು ಅರಗಿಸುವ ಶಕ್ತಿಯು ಎಳೆಯ ಮರಿಯ ಕರುಳಿಗಿಲ್ಲದ್ದರಿಂದ ಭೇದಿಯು ಹತ್ತುವುದು.

೫೦ ಕಿಲೋಗ್ರಾಂ ತೂಗುವ ಮರಿಗೆ ಮೊದಲ ದಿನ ಸುಮಾರು ೫ ಲೀಟರಿನಿಂದ ಪ್ರಾರಂಭಿಸಿ, ಕೆಲವು ದಿನಗಳಲ್ಲಿ ೧೦ರಿಂದ ೧೨ ಲೀಟರಿಗೆ ಏರಿಸಬೇಕು. ಮೊದಲ ವಾರ ಎರಡು ಗಂಟೆಗೊಮ್ಮೆ, ರಾತ್ರಿಯಲ್ಲಿಯೂ, ಕೊಡಬೇಕು. ಮರಿಯು ನಿಂತಿರುವಾಗ ಅದರ ತಲೆಯನ್ನು ಮೇಲಕ್ಕೆ ಎತ್ತಿಹಿಡಿಯದೆ ಕುಡಿಸಬೇಕು. ಬೋಗುಣಿಯಿಂದ ತಾನೇ ಕುಡಿಯುವುದನ್ನು ಮರಿಯು ಬೇಗನೆ ಕಲಿಯುವುದು. ಅದರಿಂದ ಆಳಿನ ಶ್ರಮವೂ ತಪ್ಪುವುದು.

ಹಾಲು ಬಿಡಿಸುವ ಕ್ರಮ

ಎರಡು ತಿಂಗಳಾದ ಮರಿಗೆ ತಾಯಿಯ ಬಾಯಿ ನಿಲುಕದಂತೆ ಪ್ರತ್ಯೇಕವಾದ ಚಿಕ್ಕ ಗೋದಲಿಯನ್ನು ಕಟ್ಟಿ, ಮುರಿದ ಓಟ್ಸ್, ಸೋಯಾ ಹಿಂಡಿ, ಖನಿಜಮಿಶ್ರಣ, ಎಳೆಯ ಕುದುರೆಮೆಂತ್ಯ ಇವುಗಳನ್ನು ಸ್ವಲ್ಪಸ್ವಲ್ಪವಾಗಿ ಅಭ್ಯಾಸ ಮಾಡಿಸಬೇಕು. ನಾಲ್ಕರಿಂದ ಆರು ತಿಂಗಳೊಳಗೆ ಹಾಲು ಬಿಡಿಸಬಹುದು. ಅದಕ್ಕೆ ಒಂದು ವಾರ ಮುಂಚಿನಿಂದ ತಾಯಿಯ ಕಾಳನ್ನು ಇಳಿಸತಕ್ಕದ್ದು. ಬಿಡಿಸಿದ ಮೇಲೆ ಕೆಚ್ಚಲು ಕೆಲವು ದಿನ ಬಿಗಿದು ತಾನಾಗಿಯೇ ಇಳಿಯುವುದು. ಕನಿಕರದಿಂದ ಹಾಲನ್ನು ಕರೆದು ತೆಗೆದರೆ ಒರತೆಯು ಮತ್ತೆ ಊರುವುದೇ ಹೊರತು ಬತ್ತುವುದಿಲ್ಲ. ಕೆಚ್ಚಲು ಬಿಸಿಯಾಗಿ, ಮುಟ್ಟಿದರೆ ನೋವಾಗಿ, ಒಂದೇ ಪಕ್ಕವು ಊದಿಕೊಂಡರೆ ಅದು ಕೆಚ್ಚಲು ಬಾವು. ಅದಕ್ಕೆ ಪಶುವೈದ್ಯರ ಚಿಕಿತ್ಸೆ ಬೇಕು.

ಗ್ರಾಮದ ಮುಖಂಡರಿಂದ ಆಗಬಹುದಾದ ಸಹಾಯ

ಒಬ್ಬೊಬ್ಬ ಜಮೀನುದಾರನು ತನ್ನಷ್ಟಕ್ಕೆ ತಾನು ಮಾಡಲಾರದ ಒಂದೆರಡು ಕೆಲಸಗಳನ್ನು ಗ್ರಾಮದ ಮುಖಂಡರು ಸುಲಭವಾಗಿ ಮಾಡಿಸಬಹುದು. ಸುತ್ತಮುತ್ತಣ ಗ್ರಾಮಗಳಲ್ಲಿ ಯಾರ ಕುದುರೆ ಗಬ್ಬವಾಗಿದೆ, ಯಾವ ತಿಂಗಳಲ್ಲಿ ಮರಿ ಹಾಕುವುದು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ತಬ್ಬಲಿಯಾದ ಮರಿಗೆ ಸಾಕುತಾಯಿಯನ್ನು ಹುಡುಕುವುದಕ್ಕೆ ಅರ್ಧ ದಿನ ವ್ಯರ್ಥವಾಗದು. ಸಮೃದ್ಧವಾಗಿ ಗಿಣ್ಣುಹಾಲಿರುವ ಆರೋಗ್ಯವಂತ ಕುದುರೆಯಿಂದ, ಅದರ ಮರಿಯು ಕುಡಿದ ಬಳಿಕ, ೨೦೦ರಿಂದ ೨೫೦ ಮಿಲಿಲೀಟರು ಗಿಣ್ಣನ್ನು ಕರೆದುಕೊಂಡರೆ ಆ ಮರಿಗೆ ಕೊರತೆಯಾಗುವುದಿಲ್ಲ. ಅದನ್ನು ಸೋಸಿ, ತಾರೀಖನ್ನು ಬರೆದು, ಹೆಪ್ಪುಗಟ್ಟಿಸಿ ಇಟ್ಟರೆ ಒಂದು ವರ್ಷದವರೆಗೆ ಉಪಯೋಗಕ್ಕೆ ಬರುವುದು. ಬೇಕಾದಾಗ ಉಗುರುಬೆಚ್ಚನೆಯ ನೀರಿನಲ್ಲಿಟ್ಟು ಕರಗಿಸಬೇಕು. ಒಲೆಯ ಮೇಲೆ ಕಾಯಿಸಿದರೆ ಅದರ ಗುಣವೆಲ್ಲವೂ ನಾಶವಾಗುವುದು. ಇಂಥ ನಾಲ್ಕಾರು ಸೀಸೆಗಳು ಸಮೀಪದ ಪಶುವೈದ್ಯಶಾಲೆಯಲ್ಲಿಯೋ ಒಬ್ಬರ ಮನೆಯ ಶೀತಲಪೆಟ್ಟಿಗೆಯಲ್ಲಿಯೋ ಇದ್ದರೆ, ನಡುರಾತ್ರಿಯಲ್ಲಿ ತಾಯಿಯನ್ನು ಕಳೆದುಕೊಂಡ ಮರಿಯೊಂದು ಬದುಕುವುದು.

ಮಿಕ್ಕದ್ದು ಸಾಕುವವರ ಕೈಯಲ್ಲಿಯೇ ಇದೆ. ಮೊದಲ ಆರು ಗಂಟೆಗಳಲ್ಲಿ ಗಿಣ್ಣುಹಾಲು, ಮೊದಲ ಮೂರು ತಿಂಗಳಲ್ಲಿ ತಾಯಿಗೆ ತುಂಬಿದ ಗೋದಲಿ, ಮೂರನೆಯ ತಿಂಗಳಿನಿಂದ ಮರಿಗೆ ಅದರದೇ ಮೇವು, ಈ ಮೂರನ್ನು ತಪ್ಪದೆ ನಡೆಸಿದರೆ ಹೆಣ್ಣುಕುದುರೆಯು ತನ್ನ ಚಿಕ್ಕ ಕೆಚ್ಚಲಿನಿಂದಲೇ ಮರಿಯನ್ನು ಗಟ್ಟಿಯಾಗಿ ಬೆಳೆಸಿಕೊಡುವುದು.